ಕೊನೆಯ ಸಾಲಿನ ಕಾವಲು

ಪರೀಕ್ಷೆಗಳ ಫಲಿತಾಂಶ ಹೊರಬಿದ್ದು ಕಾಲೇಜುಗಳ ಬಾಗಿಲು ಮತ್ತೆ ತೆರೆಯುವ ದಿನಗಳಲ್ಲಿ ನನ್ನ ಮೇಜಿಗೆ ಒಂದು ಬಗೆಯ ಪತ್ರಗಳು ತಪ್ಪದೆ ಬರುತ್ತವೆ. ಬರೆಯುವವರು ಹೊಸದಾಗಿ ಪದವಿ ಪಡೆದ ತರುಣ ತರುಣಿಯರು. ಒಮ್ಮೊಮ್ಮೆ ಅವರ ಪರವಾಗಿ ಅವರ ಅಧ್ಯಾಪಕರು. ‘ಸಾಹಿತ್ಯದಲ್ಲಿ ಆಸಕ್ತಿಯಿದೆ, ಪತ್ರಿಕೆಯಲ್ಲಿ ಕೆಲಸ ಮಾಡಬೇಕೆಂಬ ಹಂಬಲವಿದೆ, ಏನನ್ನು ಓದಬೇಕು, ಹೇಗೆ ಸಿದ್ಧನಾಗಬೇಕು, ದಯವಿಟ್ಟು ತಿಳಿಸಬೇಕು’ ಎಂಬುದು ಆ ಪತ್ರಗಳ ಸಾರಾಂಶ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವಷ್ಟು ಬಿಡುವು ನನಗಿಲ್ಲ. ಬರೆಯದೆ ಸುಮ್ಮನಿರುವುದು ಸೌಜನ್ಯವಲ್ಲ. ಆದಕಾರಣ ಈ ವಾರ ಈ ಸ್ಥಳವನ್ನು ಅವರಿಗಾಗಿ ಮೀಸಲಿಡುತ್ತಿದ್ದೇನೆ.

1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಆ ನೆನಪಿಗಾಗಿ ಪ್ರತಿವರ್ಷವೂ ನಾವು ಪತ್ರಿಕಾ ದಿನವನ್ನು ಆಚರಿಸುತ್ತೇವೆ. ಅಂದು ಸಭೆಗಳಾಗುತ್ತವೆ, ಹಾರಗಳು ಬೀಳುತ್ತವೆ, ಪತ್ರಿಕೆ ಪ್ರಜಾಪ್ರಭುತ್ವದ ನಾಲ್ಕನೆಯ ಸ್ತಂಭವೆಂಬ ಮಾತು ಎಲ್ಲ ವೇದಿಕೆಗಳಲ್ಲಿಯೂ ಕೇಳಿಬರುತ್ತದೆ. ಆ ಮಾತು ಸುಳ್ಳೆಂದು ನಾನು ಹೇಳಲಾರೆ. ಆದರೆ ರಾತ್ರಿ ಹನ್ನೊಂದು ಗಂಟೆಗೆ, ಪುಟ ಅಚ್ಚಿಗೆ ಹೋಗಲು ಇನ್ನು ಇಪ್ಪತ್ತೇ ನಿಮಿಷ ಉಳಿದಿರುವಾಗ, ಉಪಸಂಪಾದಕನ ಕುರ್ಚಿಯಲ್ಲಿ ಕುಳಿತವನಿಗೆ ಅದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. 1979ರಿಂದ ನಾನು ಬಲ್ಲದ್ದು ಆ ಕುರ್ಚಿಯನ್ನು. ಅದಕ್ಕೆ ಉಪಯೋಗವಾಗುವ ನಾಲ್ಕು ಮಾತುಗಳನ್ನಷ್ಟೇ ಇಲ್ಲಿ ಹೇಳುತ್ತೇನೆ.

ವರದಿಗಾರನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಅಂಕಣಕಾರನ ಭಾವಚಿತ್ರವೂ ಬರುತ್ತದೆ. ಅವರಿಬ್ಬರ ಬರಹವನ್ನು ಓದಿ, ಅಳೆದು, ತಿದ್ದಿ, ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡಕ್ಕೆ ತಂದು, ತಲೆಬರಹ ಕೊಟ್ಟು ಅಚ್ಚಿಗೆ ಕಳುಹಿಸುವವನ ಹೆಸರನ್ನು ಓದುಗ ಅರಿಯನು. ಆರ್ಡಿನೆನ್ಸಿಗೆ ‘ಸುಗ್ರೀವಾಜ್ಞೆ’ ಎಂಬ ಮಾತು ಇಂದು ಹಳ್ಳಿಯ ಪಂಚಾಯಿತಿ ಕಟ್ಟೆಯ ಮೇಲೂ ನಡೆಯುತ್ತದೆ. ರಾಮಾಯಣದ ಸುಗ್ರೀವ ವಾನರರಿಗೆ ಒಂದು ತಿಂಗಳ ಗಡುವು ಕೊಟ್ಟ. ನಮ್ಮ ಸಂವಿಧಾನದ ಸುಗ್ರೀವಾಜ್ಞೆಯೂ ಶಾಸನಸಭೆ ಮತ್ತೆ ಸೇರಿದ ಆರು ವಾರಗಳಲ್ಲಿ ಅಂಗೀಕಾರ ಪಡೆಯದಿದ್ದರೆ ಬಿದ್ದುಹೋಗುತ್ತದೆ. ಎಷ್ಟು ಸೊಗಸಾದ ಹೋಲಿಕೆ! ಆದರೆ ಅದನ್ನು ಬಳಕೆಗೆ ತಂದವರ ಹೆಸರನ್ನು ಯಾರೂ ಕೇಳುವುದಿಲ್ಲ. ಹೆಸರಿನ ಹಸಿವುಳ್ಳವರು ಬೇರೆ ಕೆಲಸ ನೋಡಿಕೊಳ್ಳುವುದು ಲೇಸು. ಇದು ನನ್ನ ಮೊದಲ ಮಾತು.

ಎರಡನೆಯ ಮಾತಿಗೆ ನನ್ನದೇ ಒಂದು ಕಥೆಯನ್ನು ಹೇಳಬೇಕಾಗಿದೆ. ಅದು ಹೆಮ್ಮೆಯ ಕಥೆಯಲ್ಲ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪತ್ರಿಕೆಗಳಲ್ಲಿ ಪ್ರಕಟವಾಗುತ್ತಿತ್ತು. ಹೆಸರುಗಳಿಲ್ಲ, ತೇರ್ಗಡೆಯಾದವರ ನೋಂದಣಿ ಸಂಖ್ಯೆಗಳು ಮಾತ್ರ, ಪುಟದಿಂದ ಪುಟಕ್ಕೆ ಸಾಲುಸಾಲಾಗಿ. ಬೆಳಗಿನ ಬಸ್ಸಿನಲ್ಲಿ ಪತ್ರಿಕೆಯ ಕಟ್ಟು ಬಂದಿಳಿಯುವುದನ್ನೇ ಊರೂರಿನ ನಿಲ್ದಾಣಗಳಲ್ಲಿ ಮಕ್ಕಳು ಕಾದಿರುತ್ತಿದ್ದರು. ಆ ಸಂಖ್ಯೆಗಳನ್ನು ಅಚ್ಚುಮೊಳೆ ಜೋಡಿಸಿ, ಕರಡಚ್ಚು ತೆಗೆದು, ಇಬ್ಬರು ಕುಳಿತು ತಾಳೆ ನೋಡತಕ್ಕದ್ದು ನಿಯಮ. ಒಬ್ಬ ಮೂಲವನ್ನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬ ಕರಡಿನ ಮೇಲೆ ಬೆರಳಿಟ್ಟುಕೊಂಡು ಸಾಗಬೇಕು. ಒಂದು ರಾತ್ರಿ ನನ್ನ ಜೊತೆಯವನಿಗೆ ಜ್ವರ ಬಂದಿತ್ತು. ‘ನೀನು ಮಲಗು, ಉಳಿದದ್ದನ್ನು ನಾನೊಬ್ಬನೇ ನೋಡಿಕೊಳ್ಳುತ್ತೇನೆ’ ಎಂದೆ. ಅದು ಕರುಣೆಯೆಂದು ಆಗ ಭಾವಿಸಿದ್ದೆ. ಒಂದು ಅಂಕಣದ ಕೊನೆಯ ಸಾಲು ಪುಟ ಕಟ್ಟುವಾಗ ಬಿದ್ದುಹೋಗಿತ್ತು. ಕಣ್ಣು ಅದನ್ನು ಗುರುತಿಸಲಿಲ್ಲ. ಇಲ್ಲದ್ದನ್ನು ಒಂಟಿ ಕಣ್ಣು ಕಾಣುವುದಾದರೂ ಹೇಗೆ? ಆ ಸಾಲಿನಲ್ಲಿ ಇದ್ದದ್ದು ಏಳು ಸಂಖ್ಯೆಗಳು.

ನಾಲ್ಕನೆಯ ದಿನ ಮಧ್ಯಾಹ್ನ ಒಬ್ಬ ರೈತರು ಕಾರ್ಯಾಲಯಕ್ಕೆ ಬಂದರು. ಮಡಿಸಿ ಮಡಿಸಿ ಸವೆದ ನಮ್ಮ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ‘ಸ್ವಾಮಿ, ಇಲ್ಲಿ ನನ್ನ ಮಗನ ನಂಬರು ಇರಬೇಕಾಗಿತ್ತು. ಶಾಲೆಗೆ ಬಂದಿರುವ ಪಟ್ಟಿಯಲ್ಲಿ ಇದೆ. ನಿಮ್ಮದರಲ್ಲಿ ಯಾಕಿಲ್ಲ?’ ಎಂದು ಕೇಳಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಪತ್ರಿಕೆಯನ್ನು ನೋಡಿದ ದಿನವೇ ಹುಡುಗ ಮನೆಬಿಟ್ಟು ಹೋಗಿದ್ದ. ಬಾವಿ, ಕೆರೆಗಳನ್ನೆಲ್ಲ ಹುಡುಕಿಸಿ ಆಗಿತ್ತು. ದೇವರು ದೊಡ್ಡವನು, ಹನ್ನೊಂದು ದಿನಗಳಾದ ಮೇಲೆ ಅವನು ದೂರದ ಊರಿನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತಿದ್ದುದು ಗೊತ್ತಾಯಿತು. ಮನೆಗೆ ಕರೆತಂದರೆಂಬ ಸುದ್ದಿ ಒಂದು ಕಾರ್ಡಿನ ಮೂಲಕ ನಮಗೆ ತಲುಪಿತು.

ತಂದೆ ಬಂದುಹೋದ ಮರುದಿನ ನಾವು ತಿದ್ದುಪಡಿಯನ್ನು ಪ್ರಕಟಿಸಿದೆವು. ಎಲ್ಲಿ? ಒಳಪುಟದ ಅಡಿಯಲ್ಲಿ, ಒಂದು ಜಾಹೀರಾತಿನ ಕೆಳಗೆ, ನಾಲ್ಕು ಸಾಲು. ‘ಇದನ್ನು ದೊಡ್ಡದು ಮಾಡುವುದು ಬೇಡ’ ಎಂದು ಹಿರಿಯರೊಬ್ಬರು ಹೇಳಿದರು, ನಾನು ತಲೆಯಾಡಿಸಿದೆ. ಸತ್ಯವನ್ನು ಹೇಳಬೇಕೆಂದರೆ, ನನ್ನ ಎದೆ ಹಗುರಾಯಿತು. ಸಾಲು ಬಿಟ್ಟದ್ದು ಆಯಾಸದಲ್ಲಿ ಆದ ತಪ್ಪು. ಅದನ್ನು ಪುಟದ ಅಡಿಯಲ್ಲಿ ಮುಚ್ಚಿದ್ದು ಎಚ್ಚರದಲ್ಲಿ ಮಾಡಿದ ತಪ್ಪು. ಮೊದಲನೆಯದಕ್ಕೆ ನನ್ನನ್ನು ನಾನು ಕ್ಷಮಿಸಿಕೊಂಡಿದ್ದೇನೆ. ಆ ನಾಲ್ಕು ಸಾಲುಗಳು ಉಳಿದ ಆರು ಮಕ್ಕಳ ಕಣ್ಣಿಗೆ ಬಿದ್ದವೋ ಇಲ್ಲವೋ ಎಂಬ ಪ್ರಶ್ನೆ ಇಂದಿಗೂ ನನ್ನನ್ನು ನಿದ್ದೆಯಲ್ಲಿ ಎಬ್ಬಿಸುವುದುಂಟು.

ಈ ಕಥೆಯಿಂದ ನಾನು ಕಲಿತದ್ದು ಇಷ್ಟು: ಅಚ್ಚಾದುದನ್ನು ಓದುಗ ನಂಬುತ್ತಾನೆ, ಏಕೆಂದರೆ ಅವನಿಗೆ ಪರೀಕ್ಷಿಸುವ ಉಪಾಯವಿಲ್ಲ. ಅವನ ಪರವಾಗಿ ಸಂಶಯಪಡುವುದಕ್ಕೆಂದೇ ನಮಗೆ ಸಂಬಳ. ಸಂಶಯವೆಂಬುದು ಬೇರೆ ಕಡೆ ದುರ್ಗುಣವಾಗಿರಬಹುದು. ನಮ್ಮ ಕುರ್ಚಿಯಲ್ಲಿ ಅದು ಓದುಗನಿಗೆ ಸಲ್ಲಿಸುವ ಗೌರವ. ಹೊಸಬರು ಅದನ್ನು ಯಾವ ಯಾವ ಕಡೆ ಅಭ್ಯಾಸಮಾಡಬೇಕೆಂಬುದನ್ನು ಇನ್ನು ವಿವರಿಸುತ್ತೇನೆ.

ಮೊದಲು ಅಂಕೆಗಳನ್ನು ಸಂಶಯಿಸಿರಿ. ಸಾಹಿತ್ಯದ ಒಲವಿನಿಂದ ಈ ಕೆಲಸಕ್ಕೆ ಬರುವವರಿಗೆ ಲೆಕ್ಕವೆಂದರೆ ಬೇಸರ. ಅನರ್ಥಗಳು ಹುಟ್ಟುವುದು ಬಹುಮಟ್ಟಿಗೆ ಅಲ್ಲಿಂದಲೇ. ಕಾವೇರಿಯ ಸುದ್ದಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಎರಡು ಅಳತೆಗಳಿವೆ. ಟಿಎಂಸಿ ಎಂಬುದು ನಿಂತ ನೀರಿನ ಪ್ರಮಾಣ, ನೂರು ಕೋಟಿ ಘನ ಅಡಿ. ಕ್ಯುಸೆಕ್ ಎಂಬುದು ಹರಿಯುವ ನೀರಿನ ವೇಗದ ಲೆಕ್ಕ, ಸೆಕೆಂಡಿಗೆ ಒಂದು ಘನ ಅಡಿ. 11,574 ಕ್ಯುಸೆಕ್ ನೀರು ಒಂದು ಹಗಲು ಒಂದು ರಾತ್ರಿ ಎಡೆಬಿಡದೆ ಹರಿದರೆ ಒಂದು ಟಿಎಂಸಿಯಾಗುತ್ತದೆ. ಕೃಷ್ಣರಾಜಸಾಗರ ತುಂಬಿದರೆ ಹಿಡಿಯುವುದು ಸುಮಾರು 49 ಟಿಎಂಸಿ. ದಿನಕ್ಕೆ 10,000 ಕ್ಯುಸೆಕ್ ಬಿಡಲಾಗುತ್ತಿದೆ ಎಂಬ ಸುದ್ದಿಯನ್ನು ದಣಿದ ಕೈಯೊಂದು ‘ದಿನಕ್ಕೆ 10 ಟಿಎಂಸಿ’ ಎಂದು ಬರೆಯಿತೆನ್ನಿ. ಆ ಲೆಕ್ಕದಲ್ಲಿ ತುಂಬಿದ ಅಣೆಕಟ್ಟೆ ಐದೇ ದಿನಗಳಲ್ಲಿ ಬರಿದಾಗಬೇಕು! ಒಂದು ನಿಮಿಷದ ಭಾಗಾಕಾರದಿಂದ ಈ ತಪ್ಪು ಸಿಕ್ಕಿಬೀಳುತ್ತದೆ. ಮಾಡದಿದ್ದರೆ? 1991ರ ಡಿಸೆಂಬರಿನಲ್ಲಿಯೂ 2016ರ ಸೆಪ್ಟೆಂಬರಿನಲ್ಲಿಯೂ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನ ಬೀದಿಗಳು ಹೊತ್ತಿ ಉರಿದುದನ್ನು ಕಂಡವರಿಗೆ ಉತ್ತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದಾಗಿ, ತಿಳಿದಿದೆಯೆಂದು ತೋರುವ ಮಾತುಗಳನ್ನು ಸಂಶಯಿಸಿರಿ. ತಿಳಿಯದ ಮಾತಿಗೆ ನಿಘಂಟು ತೆರೆಯುತ್ತೇವೆ; ಮೋಸ ಮಾಡುವುದು ತಿಳಿದ ಮಾತು. ಮಸೂದೆಯನ್ನು ‘ಟೇಬಲ್’ ಮಾಡಿದರು ಎಂದು ದೆಹಲಿಯಿಂದ ಬಂದರೆ ಸದನದಲ್ಲಿ ಮಂಡಿಸಿದರೆಂದು ಅರ್ಥ. ಅದೇ ಮಾತು ವಾಷಿಂಗ್ಟನ್ನಿನಿಂದ ಬಂದರೆ ಅರ್ಥ ತಲೆಕೆಳಗು: ಅದನ್ನು ಬದಿಗಿಟ್ಟರು. ‘ಸೆಂಟೆನ್ಸ್’ ಎಂದರೆ ವಾಕ್ಯವೂ ಹೌದು, ಶಿಕ್ಷೆಯೂ ಹೌದು. ‘ಬಿಲಿಯನ್’ ಎಂದರೆ ಇಂದು ನೂರು ಕೋಟಿ. ಆದರೆ ಹಳೆಯ ಇಂಗ್ಲೆಂಡಿನ ಪುಸ್ತಕಗಳಲ್ಲಿ ಅದು ಲಕ್ಷ ಕೋಟಿ. ಬ್ರಿಟಿಷ್ ಸರ್ಕಾರ ತನ್ನ ಲೆಕ್ಕಗಳಲ್ಲಿ ಹೊಸ ಪದ್ಧತಿಗೆ ಬಂದದ್ದು 1974ರಲ್ಲಿ. ಊರಿನ ಹೆಸರುಗಳ ಗತಿಯಂತೂ ಹೇಳತೀರದು. ರೋಮನ್ ಲಿಪಿಯಲ್ಲಿ ಹುಲಿಗೂ ಹುಳಿಗೂ ಒಂದೇ ಕಾಗುಣಿತ. ಲಕಾರ ಳಕಾರಗಳ, ನಕಾರ ಣಕಾರಗಳ ಭೇದ ಆ ಲಿಪಿಗೆ ತಿಳಿಯದು. ನಮ್ಮದೇ ನಾಡಿನ ಹಳ್ಳಿಯ ಹೆಸರನ್ನು ದೆಹಲಿಯ ಸುದ್ದಿಸಂಸ್ಥೆಯ ಕಾಗುಣಿತ ನೋಡಿ ಬರೆದು, ಆ ಹಳ್ಳಿಯವರ ನಗೆಗೆ ಗುರಿಯಾಗುವುದು ಬೇಡ. ಆ ತಾಲ್ಲೂಕಿನವರೊಬ್ಬರನ್ನು ಕೇಳಿ ಬರೆಯಿರಿ.

ಮೂರನೆಯದಾಗಿ ವಾಕ್ಯದ ಕೊನೆ. ಇಂಗ್ಲಿಷಿನಲ್ಲಿ ಇಲ್ಲವೆಂಬ ಮಾತು ವಾಕ್ಯದ ಮುಂಭಾಗದಲ್ಲಿಯೇ ಬಂದುಬಿಡುತ್ತದೆ. ಕನ್ನಡದಲ್ಲಿ ಕ್ರಿಯೆಯೂ ಅದರ ನಿಷೇಧವೂ ತುದಿಯಲ್ಲಿ ನಿಲ್ಲುತ್ತವೆ. ‘ಅಧಿಕಾರಿ ಹಣ ಪಡೆದರೆಂಬುದಕ್ಕೆ ಸಾಕ್ಷ್ಯವಿದೆಯೆಂದು ನ್ಯಾಯಾಲಯ ಹೇಳಿಲ್ಲ’ ಎಂಬ ವಾಕ್ಯದಲ್ಲಿ ಒಬ್ಬ ಮನುಷ್ಯನ ಮಾನ ನಿಂತಿರುವುದು ಕಡೆಯ ಎರಡು ಅಕ್ಷರಗಳ ಮೇಲೆ. ಸ್ಥಳ ಸಾಲದೆಂದು ವಾಕ್ಯದ ಬಾಲ ಕತ್ತರಿಸುವಾಗ, ಅವಸರದಲ್ಲಿ ತಲೆಬರಹಕ್ಕೆ ಅರ್ಧವನ್ನೇ ಎತ್ತಿಕೊಳ್ಳುವಾಗ, ಆ ಎರಡು ಅಕ್ಷರಗಳಿಗೆ ಕಾವಲಿರಬೇಕು. ಇಂಗ್ಲಿಷಿನ ಉದ್ದದ ವಾಕ್ಯವನ್ನು ಹಾಗೆಯೇ ಕನ್ನಡಕ್ಕೆ ಎಳೆದುತಂದರೆ ಓದುಗ ಕೊನೆ ಮುಟ್ಟುವುದರೊಳಗೆ ಕರ್ತೃವನ್ನು ಮರೆತಿರುತ್ತಾನೆ. ಮೂರಾಗಿ ಒಡೆದು ಬರೆಯಿರಿ, ಭಾಷೆ ಬಡವಾಗುವುದಿಲ್ಲ. ಇದಕ್ಕೆ ಸೇರಿದ ಇನ್ನೊಂದು ಎಚ್ಚರಿಕೆಯುಂಟು. ಪೋಲೀಸರು ಹಿಡಿದವನು ಆರೋಪಿ; ನ್ಯಾಯಾಲಯ ತೀರ್ಪು ಕೊಟ್ಟ ಮೇಲೆ ಮಾತ್ರ ಅವನು ಅಪರಾಧಿ. ‘ಕಳ್ಳನ ಬಂಧನ’ ಎಂದು ತಲೆಬರಹ ಕೊಡುವ ಉಪಸಂಪಾದಕ ನ್ಯಾಯಾಧೀಶನ ಕುರ್ಚಿಯನ್ನು ಕದ್ದಿರುತ್ತಾನೆ. ಕಾನೂನಿನ ವಿಷಯದಲ್ಲಿ ಬಾಯಿಪಾಠವನ್ನೂ ನಂಬಬೇಡಿರಿ. ಕೊಲೆಯೆಂದರೆ 302ನೆಯ ಕಲಮು ಎಂದು ನಾನು ನಲವತ್ತು ವರ್ಷ ಉರುಹೊಡೆದಿದ್ದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಅದು 103 ಆಗಿದೆ. ಆದರೆ ಆ ದಿನಾಂಕಕ್ಕೆ ಮುಂಚೆ ನಡೆದ ಕೃತ್ಯಕ್ಕೆ ಹಳೆಯದೇ ಅನ್ವಯ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಇಂಗ್ಲಿಷ್ ಪತ್ರಿಕೆಯವನಿಗೆ ಈ ಕಷ್ಟವಿಲ್ಲ. ಅವನು ರಾಷ್ಟ್ರಪತಿಗೂ ‘ಹಿ’ ಎನ್ನುತ್ತಾನೆ, ಜೇಬುಗಳ್ಳನಿಗೂ ‘ಹಿ’ ಎನ್ನುತ್ತಾನೆ. ನಮಗೆ ಹಾಗಲ್ಲ. ಕ್ರಿಯಾಪದವನ್ನು ಬರೆಯಹೊರಟ ಕ್ಷಣದಲ್ಲಿಯೇ ‘ಬಂದರು’ ಎನ್ನಬೇಕೆ, ‘ಬಂದ’ ಎನ್ನಬೇಕೆ ಎಂಬುದನ್ನು ನಿರ್ಧರಿಸಲೇಬೇಕು. ನುಣುಚಿಕೊಳ್ಳಲು ನಮ್ಮ ವ್ಯಾಕರಣ ದಾರಿಯನ್ನಿಟ್ಟಿಲ್ಲ. ಸಮಾಜದ ಮೇಲುಕೀಳುಗಳೆಲ್ಲ ಒಂದು ಪ್ರತ್ಯಯದೊಳಗೆ ಅಡಗಿ ಕುಳಿತಿರುತ್ತವೆ. ನಾನು ಹೊಸಬನಾಗಿ ಬರೆದ ಸುದ್ದಿಗಳನ್ನು ಈಗ ತೆಗೆದು ನೋಡಿದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಸಚಿವರು ‘ಭೇಟಿಯಿತ್ತರು’, ‘ಸಾಂತ್ವನ ಹೇಳಿದರು’. ಗೋಡೆ ಕುಸಿದು ಗಂಡನನ್ನು ಕಳೆದುಕೊಂಡ ಕೂಲಿಯ ಹೆಂಗಸು ‘ಅತ್ತಳು’, ‘ಬೇಡಿಕೊಂಡಳು’. ಯಾರೂ ನನಗೆ ಹಾಗೆ ಬರೆಯೆಂದು ಹೇಳಿರಲಿಲ್ಲ. ಕೈ ತಾನಾಗಿಯೇ ಹಾಗೆ ಹೊರಳುತ್ತಿತ್ತು.

ಏಕವಚನ ಯಾವಾಗಲೂ ಅಗೌರವವೆಂದು ನನ್ನ ಅಭಿಪ್ರಾಯವಲ್ಲ. ‘ಪಂಪ ಬರೆದ’, ‘ಕುಮಾರವ್ಯಾಸ ಹಾಡಿದ’ ಎನ್ನುವಾಗ ಅದು ಪ್ರೀತಿಯ ಸಲಿಗೆ. ದೇವರನ್ನೂ ತಾಯಿಯನ್ನೂ ನಾವು ಏಕವಚನದಲ್ಲಿಯೇ ಕರೆಯುತ್ತೇವೆ. ಆದರೆ ಪತ್ರಿಕೆಗೆ ಯಾರೊಂದಿಗೂ ಅಂಥ ಸಲಿಗೆಯಿಲ್ಲ. ಆದ್ದರಿಂದ ನಾನು ಒಂದು ನಿಯಮ ಮಾಡಿಕೊಂಡೆ: ಯಾರ ವಿಷಯವನ್ನು ಬರೆಯುತ್ತಿರುವೆನೋ ಅವರು ನನ್ನ ಮೇಜಿನ ಎದುರಿಗೆ ಕುಳಿತಿದ್ದಾರೆಂದು ಭಾವಿಸಿ, ವಾಕ್ಯವನ್ನು ಗಟ್ಟಿಯಾಗಿ ಓದುವುದು. ಅವರ ಮುಖವನ್ನು ನೋಡಿ ಹೇಳಲಾಗದ ಪ್ರತ್ಯಯವನ್ನು ಅವರ ಬೆನ್ನ ಹಿಂದೆ ಅಚ್ಚು ಹಾಕಕೂಡದು. ನಮ್ಮ ಪತ್ರಿಕೆ ಓದುವವರಲ್ಲಿ ಆ ಕೂಲಿಯ ಹೆಂಗಸಿನ ಮಗಳೂ ಇರುತ್ತಾಳೆ. ತಾಯಿಯ ವಿಷಯದಲ್ಲಿ ನಾಡು ಯಾವ ಪ್ರತ್ಯಯ ಬಳಸಿತೆಂಬುದನ್ನು ಅವಳು ಮರೆಯುವುದಿಲ್ಲ.

ಇನ್ನು ‘ಏನನ್ನು ಓದಬೇಕು?’ ಎಂಬ ಪ್ರಶ್ನೆ. ಡಿ.ವಿ. ಗುಂಡಪ್ಪನವರ ‘ವೃತ್ತಪತ್ರಿಕೆ’ಯನ್ನು ಓದಿರಿ, ಈ ವೃತ್ತಿಯ ಧರ್ಮವನ್ನು ಕನ್ನಡದಲ್ಲಿ ಯೋಚಿಸಿದ ಪುಸ್ತಕ ಅದು. ಕಿಟ್ಟೆಲರ 1894ರ ನಿಘಂಟನ್ನೂ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನೂ ಕೈಗೆಟಕುವಂತೆ ಇಟ್ಟುಕೊಳ್ಳಿರಿ. ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಒಂದೊಂದು ಪದಕ್ಕೂ ವರ್ಷಗಟ್ಟಲೆ ತಾಳ್ಮೆಯಿಂದ ಉತ್ತರ ಬರೆದರು. ಅವರು 2021ರಲ್ಲಿ ತೀರಿಕೊಂಡಾಗ ಅವರಿಗೆ ನೂರೇಳು ವರ್ಷ. ಪದವನ್ನು ಸಂಶಯಿಸುವುದರಿಂದ ಆಯುಸ್ಸು ಕುಗ್ಗುವುದಿಲ್ಲವೆಂಬುದಕ್ಕೆ ಅವರೇ ಸಾಕ್ಷಿ! ಇವೆಲ್ಲದರ ಜೊತೆಗೆ ಸಂತೆಗೆ ಹೋಗಿ ಕಿವಿಗೊಡಿರಿ. ಧಾರವಾಡದವರ ‘ಠರಾವು’ ಮೈಸೂರಿನವರ ‘ಗೊತ್ತುವಳಿ’ಯಷ್ಟೇ ಕನ್ನಡ ಎಂಬುದು ಪುಸ್ತಕಕ್ಕಿಂತ ಬೇಗ ಅಲ್ಲಿ ಮನದಟ್ಟಾಗುತ್ತದೆ.

ಈಚೆಗೆ ಪತ್ರ ಬರೆದ ತರುಣಿಯೊಬ್ಬರು ಕೇಳಿದ್ದಾರೆ: ‘ಭಾಷಾಂತರವನ್ನು ಈಗ ಯಂತ್ರವೇ ಮಾಡುತ್ತದಲ್ಲ, ನಾವು ಇದನ್ನೆಲ್ಲ ಕಲಿಯುವುದು ಏಕೆ?’ ಪ್ರಶ್ನೆ ನ್ಯಾಯವಾದದ್ದು. ಅಚ್ಚುಮೊಳೆ ಹೋಗಿ ಗಣಕ ಬಂದುದನ್ನು ಕಂಡ ನನಗೆ ಯಂತ್ರದ ಮೇಲೆ ಹಗೆಯಿಲ್ಲ. ಅರ್ಧ ಗಂಟೆ ಹಿಡಿಯುತ್ತಿದ್ದ ಸುದ್ದಿ ಈಗ ಕಣ್ಣು ಮಿಟುಕಿಸುವುದರೊಳಗೆ ಕನ್ನಡವಾಗಿ ನಿಲ್ಲುತ್ತದೆ. ಅದರ ಕನ್ನಡ ನಯವಾಗಿಯೂ ಇರುತ್ತದೆ. ಆ ನಯವೇ ನನ್ನ ಅಂಜಿಕೆಗೆ ಕಾರಣ. ಹೊಸ ಉಪಸಂಪಾದಕ ಅರ್ಥವಾಗದ ಕಡೆ ಎಡವುತ್ತಿದ್ದ, ವಾಕ್ಯ ಸೊಟ್ಟಗಾಗುತ್ತಿತ್ತು. ಎಡವಿದ ಜಾಗದಲ್ಲಿ ನಾವು ಕಲ್ಲನ್ನು ಹುಡುಕುತ್ತಿದ್ದೆವು. ಯಂತ್ರ ತಪ್ಪನ್ನೂ ಒಪ್ಪನ್ನೂ ಒಂದೇ ಓಟದಲ್ಲಿ ಬರೆದುಬಿಡುತ್ತದೆ. ಅದಕ್ಕೆ ಆ ರೈತರ ಎದುರಿಗೆ ನಿಂತು ಉತ್ತರ ಹೇಳುವ ಹೊಣೆಯಿಲ್ಲ. ಹೊಣೆ ಇರುವವರು ನೀವು. ಆದಕಾರಣ ಮುಂಚಿಗಿಂತ ಹೆಚ್ಚು ಕಲಿಯಬೇಕಾದವರೂ ನೀವೇ.

ಕೊನೆಯ ಮಾತು ಹೊಸಬರಿಗೆ ಮಾತ್ರವಲ್ಲ, ಪತ್ರಿಕೆಗಳನ್ನು ನಡೆಸುವ ನಮ್ಮೆಲ್ಲರಿಗೂ ಸಲ್ಲತಕ್ಕದ್ದು. ಎಷ್ಟು ಕಾವಲು ಕಾದರೂ ತಪ್ಪು ನುಸುಳುತ್ತದೆ. ನುಸುಳಿದ ಮೇಲೆ ಏನು ಮಾಡುತ್ತೇವೆ ಎಂಬುದರಲ್ಲಿ ಪತ್ರಿಕೆಯ ಯೋಗ್ಯತೆ ಕಾಣುತ್ತದೆ. ಮೊದಲ ಪುಟದಲ್ಲಿ ಮಾಡಿದ ತಪ್ಪಿಗೆ ಮೊದಲ ಪುಟದಲ್ಲಿಯೇ ತಿದ್ದುಪಡಿ ಬರಬೇಕು; ಎಷ್ಟು ದೊಡ್ಡ ಅಕ್ಷರದಲ್ಲಿ ನೋಯಿಸಿದೆವೋ ಅಷ್ಟೇ ದೊಡ್ಡ ಅಕ್ಷರದಲ್ಲಿ ಒಪ್ಪಿಕೊಳ್ಳಬೇಕು. ಹಾಗೆ ಮಾಡಿದರೆ ಓದುಗರ ನಂಬಿಕೆ ಹೋಗುವುದೆಂಬ ಭಯ ನನ್ನ ಹಿರಿಯರಲ್ಲಿ ಇತ್ತು, ನನ್ನಲ್ಲಿಯೂ ಇತ್ತು. ಅದು ಹುಸಿ ಭಯ. ತಿದ್ದಿಕೊಳ್ಳುವ ಗುರುವನ್ನು ವಿದ್ಯಾರ್ಥಿಗಳು ಹೆಚ್ಚು ನಂಬುತ್ತಾರೆಂಬುದನ್ನು ಈ ಪುಟದ ಓದುಗರಲ್ಲಿರುವ ಅಧ್ಯಾಪಕರು ತಮ್ಮ ಅನುಭವದಿಂದ ಬಲ್ಲರು. ಹೊಸದಾಗಿ ಬರುವ ನೀವು, ನಿಮ್ಮ ಮೊದಲ ತಪ್ಪಿನ ದಿನ, ‘ದೊಡ್ಡದು ಮಾಡುವುದು ಬೇಡ’ ಎಂದು ಯಾರಾದರೂ ಹೇಳಿದಾಗ, ವಿನಯದಿಂದ, ಆದರೆ ತಲೆಯಾಡಿಸದೆ, ‘ದೊಡ್ಡದಾಗಿಯೇ ಹಾಕೋಣ’ ಎಂದು ಹೇಳುವ ಧೈರ್ಯವನ್ನು ಗಳಿಸಿಕೊಂಡಿದ್ದರೆ, ಮಿಕ್ಕ ವಿದ್ಯೆ ಕ್ರಮವಾಗಿ ಕೈಹತ್ತುತ್ತದೆ.

ಇಷ್ಟು ಬರೆದವನು ತಪ್ಪಿಗೆ ಹೊರತಾದವನೇನೂ ಅಲ್ಲ. ಈ ಬರಹದಲ್ಲಿಯೂ ಯಾವುದಾದರೂ ಅಂಕೆ, ಯಾವುದಾದರೂ ಅಕ್ಷರ ಜಾರಿದ್ದೀತು. ಕಂಡವರು ದಯಮಾಡಿ ಬರೆದು ತಿಳಿಸಲಿ. ಮುಂದಿನ ಭಾನುವಾರ ಇದೇ ಪುಟದಲ್ಲಿ, ಇದೇ ಸ್ಥಳದಲ್ಲಿ, ಇಷ್ಟೇ ದೊಡ್ಡ ಅಕ್ಷರದಲ್ಲಿ ಅದನ್ನು ಅಚ್ಚು ಹಾಕುತ್ತೇನೆ.